ಡಾರ್ಕ್ ಸೋಲ್ಸ್ 2: ಒಂಬತ್ತು ವರ್ಷ ಆಡಿದರೂ ತಮ್ಮನ ಜೊತೆ ಜಗಳ ಮುಗಿದಿಲ್ಲ

ಇದನ್ನು ಬರೆಯೋಕೆ ಕೂತಿದ್ದೇ ನನ್ನ ಚಿಕ್ಕಪ್ಪನ ಮಗನಿಂದ. ಅವನದು ಸಕಲೇಶಪುರದ ಹತ್ತಿರ ಕಾಫಿ ತೋಟ, ನನ್ನದು ಹಾಸನದಲ್ಲಿ ಒಂದು ಸಣ್ಣ ಅಂಗಡಿ. ನಮ್ಮಿಬ್ಬರ ನಡುವೆ ಇರೋದು ನಲವತ್ತು ಕಿಲೋಮೀಟರ್ ರಸ್ತೆ ಮತ್ತು ಡಾರ್ಕ್ ಸೋಲ್ಸ್ 2 ಅನ್ನುವ ಈ ವಿಡಿಯೋ ಗೇಮ್, ಸತ್ತು ಸತ್ತೇ ಕಲಿಯಬೇಕಾದ ಕಷ್ಟದ ಸರಣಿಯ ಎರಡನೇದು. ಹಬ್ಬಕ್ಕೆ ಬಂದರೂ ಇದೇ ಮಾತು, ತಿಥಿಗೆ ಹೋದರೂ ಇದೇ ಮಾತು. ಮೊನ್ನೆ ಒಂದು ಮದುವೆಯಲ್ಲಿ ಕೋಸಂಬರಿ ಬಡಿಸುವಾಗ ಶುರುವಾಗಿದ್ದು, ಪಾಯಸ ಬರುವ ಹೊತ್ತಿಗೆ ಎದುರು ಸಾಲಿನವರು ಊಟ ಬಿಟ್ಟು ನಮ್ಮನ್ನೇ ನೋಡುವ ಮಟ್ಟಕ್ಕೆ ಹೋಯಿತು.

"ಅಣ್ಣ, ಒಂದನೇದು ಆಡಿರೋನು ಯಾವನೂ ಇದನ್ನ ಒಪ್ಪಲ್ಲ."

"ಲೋ, ನೀನು ಎರಡನೇದನ್ನ ಆಡೇ ಇಲ್ಲ ಕಣೋ. ಅದರೊಳಗೆ ಒಂದನೇದನ್ನ ಹುಡುಕ್ತಾ ಇದ್ದೆ ಅಷ್ಟೇ."

ನನ್ನ ಲೆಕ್ಕ ಮೊದಲೇ ಹೇಳಿಬಿಡುತ್ತೇನೆ. 2016ರ ಕೊನೆಯಲ್ಲಿ ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯ ಸೇಲ್‌ನಲ್ಲಿ ತಗೊಂಡೆ, ಸ್ಕಾಲರ್ ಆಫ್ ದ ಫಸ್ಟ್ ಸಿನ್ ಆವೃತ್ತಿ. ಇವತ್ತಿಗೆ 640 ಗಂಟೆ ಆಗಿದೆ. ಈ ಸರಣಿಯಲ್ಲಿ ನಾನು ಮೊದಲು ಕೈಗೆತ್ತಿಕೊಂಡಿದ್ದೇ ಎರಡನೇದು. ಒಂದನೇದನ್ನೂ ಮೂರನೇದನ್ನೂ ಆಡಿದ್ದು ಆಮೇಲೆ. ತಮ್ಮ ಹಾಗಲ್ಲ. 2011ರಲ್ಲಿ ಬಂದ ಒಂದನೇದನ್ನು ಪಿಎಸ್3 ಗೇಮ್ ಕನ್ಸೋಲ್‌ನಲ್ಲಿ ಅರೆದು ಕುಡಿದವನು. 2014ರ ಮಾರ್ಚ್‌ನಲ್ಲಿ ಎರಡನೇದು ಬಂದಾಗ ಅದೇ ಪಿಎಸ್3ನಲ್ಲಿ ಹಾಕಿ, ಹದಿನೈದು ಗಂಟೆ ಆಡಿ, ಡಿಸ್ಕ್ ತೆಗೆದು ಬೀರುವಿನ ಮೇಲೆ ಎಸೆದ. ಈ ಎರಡು ದಾರಿಯಲ್ಲಿ ಯಾವುದರಿಂದ ಬಂದಿರಿ ಅನ್ನೋದು ಗೊತ್ತಾದರೆ ಗೇಮ್ ಬಗ್ಗೆ ನಿಮ್ಮ ಅಭಿಪ್ರಾಯ ಏನು ಅಂತ ನಾನು ಕೇಳದೇ ಹೇಳಬಲ್ಲೆ.

ಜಗಳದ ಬೇರು ಕಥೆಯಲ್ಲಿಲ್ಲ, ಬೆರಳಿನಲ್ಲಿದೆ. ಒಂದನೇ ಗೇಮ್‌ನಲ್ಲಿ ರೋಲ್ ಹೊಡೆದರೆ, ಅಂದರೆ ನೆಲದ ಮೇಲೆ ಉರುಳಿದರೆ, ಏಟು ತಪ್ಪುತ್ತದೆ. ಮೈಮೇಲಿನ ಭಾರ ಎಷ್ಟು ಅನ್ನೋದೊಂದೇ ಲೆಕ್ಕ. ಎರಡನೇದರಲ್ಲಿ ಅಡಾಪ್ಟಬಿಲಿಟಿ ಅಂತ ಹೊಸ ಸ್ಟ್ಯಾಟ್, ಅಂದರೆ ಪಾತ್ರದ ಸಾಮರ್ಥ್ಯದ ಅಂಕಿ, ತಂದು ಕೂರಿಸಿದರು. ಅದನ್ನು ಏರಿಸಿದರೆ ಅಜಿಲಿಟಿ ಏರುತ್ತದೆ. ಅಜಿಲಿಟಿ ಏರಿದರೆ ರೋಲ್ ಮಾಡುವಾಗ ಏಟು ತಾಗದೇ ಇರುವ ಫ್ರೇಮ್‌ಗಳು, ಅಂದರೆ ಕ್ಷಣಗಳು, ಹೆಚ್ಚುತ್ತವೆ, ಜೀವ ತುಂಬುವ ಎಸ್ಟಸ್ ಕುಡಿಯುವುದೂ ಚುರುಕಾಗುತ್ತದೆ. ಇದನ್ನು ಗೇಮ್ ಎಲ್ಲೂ ಬಿಡಿಸಿ ಹೇಳುವುದಿಲ್ಲ. ಹಾಗಾಗಿ ಒಂದನೇದರಲ್ಲಿ ಕೈ ಪಳಗಿಸಿಕೊಂಡವನು ಅದೇ ಹೊತ್ತಿಗೆ ಸರಿಯಾಗಿ ಬಟನ್ ಒತ್ತುತ್ತಾನೆ, ಏಟು ಮಾತ್ರ ಬೀಳುತ್ತದೆ. ಅವನ ಕಣ್ಣಿಗೆ ಅದು ಮೋಸ. "ಹಿಟ್‌ಬಾಕ್ಸ್ ಸರಿಯಿಲ್ಲ", ಅಂದರೆ ತಾಗದ ಏಟೂ ತಾಗಿತು ಅಂತ ಗೇಮ್ ಲೆಕ್ಕ ಹಾಕುತ್ತದೆ ಅನ್ನುವ ದೂರುಗಳಲ್ಲಿ ಅರ್ಧದಷ್ಟು ಇದೇ ಅಂತ ನನ್ನ ಅಂದಾಜು. ಉಳಿದರ್ಧ ನಿಜವಾದ ದೂರು. ಹಿಡಿದು ಎಸೆಯುವ ದೊಡ್ಡ ಶತ್ರುಗಳು ಎರಡು ಮಾರು ದೂರದಲ್ಲಿದ್ದವನನ್ನೂ ಎಳೆದುಕೊಂಡಿದ್ದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ.

ನನಗೆ ಮರೆಯೋಕೆ ಹಳೇ ಅಭ್ಯಾಸ ಯಾವುದೂ ಇರಲಿಲ್ಲ. ಏಟು ಬಿತ್ತು, ಯಾರನ್ನೋ ಕೇಳಿದೆ, ಅಡಾಪ್ಟಬಿಲಿಟಿಗೆ ಹತ್ತು ಲೆವೆಲ್ ಸುರಿ ಅಂದರು, ಸುರಿದೆ, ಮುಂದೆ ಹೋದೆ. ಗೊಬ್ಬರ ಹಾಕದೆ ಬೆಳೆ ಬರಲ್ಲ ಅನ್ನುವಷ್ಟು ಸಹಜವಾಗಿ ಕಂಡಿತು. ಈಗ ಯೋಚಿಸಿದರೆ ಅದು ಕೆಟ್ಟ ಸ್ಟ್ಯಾಟೇ. ಎಲ್ಲರೂ ಕಟ್ಟಲೇಬೇಕಾದ ತೆರಿಗೆಯನ್ನು ಆಯ್ಕೆ ಅಂತ ಕರೆದ ಹಾಗೆ. ಮೂರನೇ ಗೇಮ್‌ನಲ್ಲಿ ಅದನ್ನು ತೆಗೆದುಹಾಕಿದ್ದು ಸರಿಯಾಯಿತು.

ಸಾವಿನ ಲೆಕ್ಕವೂ ಹಾಗೇ. ಪ್ರತಿ ಸಲ ಸತ್ತಾಗ ನಿಮ್ಮ ಗರಿಷ್ಠ ಜೀವ ಸ್ವಲ್ಪ ಸ್ವಲ್ಪ ಕರಗುತ್ತಾ ಅರ್ಧಕ್ಕೆ ಬಂದು ನಿಲ್ಲುತ್ತದೆ. ಹ್ಯೂಮನ್ ಎಫಿಜಿ ಅನ್ನುವ ವಸ್ತು ಬಳಸಿದರೆ ವಾಪಸ್ ತುಂಬುತ್ತದೆ. ತಮ್ಮನಿಗೆ ಇದು ಬಿದ್ದವನ ಬೆನ್ನಿಗೆ ಇನ್ನೊಂದು ಗುದ್ದು. ಆದರೆ ಹೈಡ್ಸ್ ಟವರ್ ಆಫ್ ಫ್ಲೇಮ್ ಅನ್ನುವ ಜಾಗದಲ್ಲಿ ಒಂದು ಉಂಗುರ ಸಿಗುತ್ತದೆ, ಅದನ್ನು ಹಾಕಿಕೊಂಡರೆ ಜೀವ ಮುಕ್ಕಾಲಿಗಿಂತ ಕೆಳಗೆ ಇಳಿಯುವುದಿಲ್ಲ. ಆ ಉಂಗುರ ಇದೆ ಅಂತ ಅವನಿಗೆ ಗೊತ್ತಾಗಿದ್ದು ಡಿಸ್ಕ್ ಬೀರು ಸೇರಿ ಎಷ್ಟೋ ವರ್ಷ ಆದಮೇಲೆ, ನನ್ನಿಂದ. "ಮೊದಲೇ ಹೇಳೋದಲ್ವಾ" ಅಂತ ನನ್ನ ಮೇಲೇ ರೇಗಿದ.

ನಾವಿಬ್ಬರೂ ಬಹಳ ಕಾಲ ಗಮನಿಸದೇ ಇದ್ದ ಇನ್ನೊಂದು ವಿಷಯ ಇದೆ. ನಾವು ಆಡಿದ್ದು ಒಂದೇ ಗೇಮ್ ಅಲ್ಲ. 2014ರಲ್ಲಿ ಬಂದಿದ್ದು ಒಂದು. 2015ರ ಏಪ್ರಿಲ್‌ನಲ್ಲಿ ಬಂದ ಸ್ಕಾಲರ್‌ನಲ್ಲಿ ಶತ್ರುಗಳು ನಿಲ್ಲುವ ಜಾಗಗಳನ್ನೇ ಬದಲಿಸಿದರು, ಮೂರು ಡಿಎಲ್‌ಸಿಗಳನ್ನೂ, ಅಂದರೆ ಹೆಚ್ಚುವರಿ ಕಂತುಗಳನ್ನೂ, ಸೇರಿಸಿದರು. ನಾನು "ಹೈಡ್ಸ್‌ನಲ್ಲಿ ಡ್ರ್ಯಾಗನ್ ದಾಟೋದು ಕಷ್ಟ ಆಯ್ತು" ಅಂದರೆ ಅವನು "ಅಲ್ಲಿ ಎಲ್ಲಿಂದ ಬಂತು ಡ್ರ್ಯಾಗನ್?" ಅನ್ನುತ್ತಿದ್ದ. ಅವನ ಹೈಡ್ಸ್‌ನಲ್ಲಿ ಡ್ರ್ಯಾಗನ್ ಇರಲೇ ಇಲ್ಲ. ಕತ್ತಿ ಸವೆಯುವ ವಿಷಯದಲ್ಲಂತೂ ವಾರಗಟ್ಟಲೆ ಕಿತ್ತಾಡಿದ್ದೇವೆ. ಸೆಕೆಂಡಿಗೆ 60 ಫ್ರೇಮ್ ಓಡುವ ಪಿಸಿಯಲ್ಲಿ ಆಯುಧಗಳು ಎರಡು ಪಟ್ಟು ಬೇಗ ಸವೆಯುತ್ತಿದ್ದವು, 30 ಫ್ರೇಮಿನ ಹಳೇ ಕನ್ಸೋಲ್‌ನಲ್ಲಿ ಆ ತೊಂದರೆ ಇರಲಿಲ್ಲ. 2015ರಲ್ಲಿ ಪ್ಯಾಚ್, ಅಂದರೆ ಗೇಮ್‌ನ ತಿದ್ದುಪಡಿ, ಬಂದು ಸರಿಹೋಯಿತು. ನಾನು ಹಳೇ ದೂರುಗಳನ್ನು ಓದಿ ವಾದಿಸುತ್ತಿದ್ದೆ, ಅವನು ತನ್ನ ಕತ್ತಿ ನೋಡಿ ವಾದಿಸುತ್ತಿದ್ದ. ನೀರು ತುಂಬಿದ ಅಮಾನಾ ದೇವಳದಲ್ಲಿ ದೂರದಿಂದ ಮಂತ್ರ ಎಸೆಯುವವರ ಕಾಟವನ್ನೂ ಪ್ಯಾಚ್‌ನಲ್ಲಿ ತಗ್ಗಿಸಿದರು. ಮೊದಲ ವಾರದಲ್ಲೇ ಆ ನೀರಿಗೆ ಇಳಿದವನ ಸಿಟ್ಟು ನನಗೆ ಹೇಗೆ ಅರ್ಥವಾಗಬೇಕು?

ಇನ್ನು ಆ ಲಿಫ್ಟ್. ಈ ಗೇಮ್ ಹೆಸರೆತ್ತಿದರೆ ಅದು ಬಾರದೇ ಇರಲ್ಲ. ಅರ್ಥನ್ ಪೀಕ್ ಅಂತ ಒಂದು ಗಾಳಿಯಂತ್ರದ ಗೋಪುರ. ಅದರ ತುದಿಯ ರಾಣಿಯನ್ನು ಕೊಂದು ಲಿಫ್ಟ್ ಹತ್ತಿದರೆ ಅದು ಇನ್ನೂ ಮೇಲಕ್ಕೆ ಹೋಗುತ್ತದೆ. ಬಾಗಿಲು ತೆರೆದರೆ ಕುದಿಯುವ ಲಾವಾದಲ್ಲಿ ಮುಳುಗುತ್ತಿರುವ ಕಬ್ಬಿಣದ ಕೋಟೆ! ಹೊರಗಿಂದ ನೋಡಿದಾಗ ಆ ಗೋಪುರದ ಮೇಲೆ ಬರೀ ಆಕಾಶ ಇತ್ತು. ಒಂದನೇದರಲ್ಲಿ ದೂರದಲ್ಲಿ ಕಂಡ ಗೋಡೆಗೆ ಆಮೇಲೆ ನಡೆದೇ ಹೋಗಬಹುದಿತ್ತು. ಬಾಗಿಲು ತೆಗೆದರೆ ಹಳೇ ಜಾಗವೇ ಎದುರಿಗೆ ಬಂದು ಬೆರಗಾಗುತ್ತಿತ್ತು. ತಮ್ಮ ಬಯಸಿ ಬಂದಿದ್ದು ಆ ಬೆರಗನ್ನ. ಸಿಕ್ಕಿದ್ದು ಈ ಲಿಫ್ಟು.

ಇದನ್ನು ಸಮರ್ಥಿಸುವವರೂ ಇದ್ದಾರೆ. ನಿಮ್ಮ ಪಾತ್ರಕ್ಕೆ ಮರೆವಿನ ಶಾಪ ತಗುಲಿದೆ, ನಡೆದ ದಾರಿ ಅವನಿಗೆ ನೆನಪಿರಲ್ಲ, ಅದಕ್ಕೇ ಜಾಗಗಳು ಹಾಗೆ ಅಂಟಿಕೊಂಡಿವೆ ಅಂತ. ಗೇಮ್ ನನಗೆ ಎಷ್ಟೇ ಇಷ್ಟವಾದರೂ ಈ ವಾದಕ್ಕೆ ನಾನು ತಲೆಯಾಡಿಸಲ್ಲ. ಅರ್ಧ ಕೆಲಸ ಆದಮೇಲೆ ಇಡೀ ಗೇಮನ್ನು ಮತ್ತೆ ಯೋಚಿಸಬೇಕಾಯಿತು, ಆಗಲೇ ಮಾಡಿಟ್ಟಿದ್ದ ಜಾಗಗಳನ್ನು ಹೇಗೋ ಹೊಂದಿಸಬೇಕಾಯಿತು ಅಂತ ನಿರ್ದೇಶಕ ಯೂಯಿ ತನಿಮುರಾ ಅವರೇ ಆಮೇಲೆ ಒಪ್ಪಿಕೊಂಡಿದ್ದಾರೆ. ಒಂದನೇದರ ನಿರ್ದೇಶಕ ಹಿಡೆತಾಕಾ ಮಿಯಾಝಾಕಿ ಆ ಹೊತ್ತಿಗೆ ಬ್ಲಡ್‌ಬೋರ್ನ್ ಅನ್ನುವ ಬೇರೆ ಗೇಮ್ ಮಾಡುತ್ತಿದ್ದರು. ಇದಕ್ಕೆ ನಿರ್ದೇಶಕರಾಗಿದ್ದವರು ತೊಮೊಹಿರೊ ಶಿಬುಯಾ ಮತ್ತು ತನಿಮುರಾ. ಹೊಲಿಗೆ ಕಾಣುತ್ತಿದೆ ಅಂದರೆ ಹೊಲಿಗೆ ಅಂತಲೇ ಹೇಳಬೇಕು.

ಆದರೆ ಮರೆವು ಅನ್ನೋದು ಈ ಗೇಮ್‌ನಲ್ಲಿ ಬೇರೆ ಕಡೆ ಕೆಲಸ ಮಾಡುತ್ತದೆ, ಅಲ್ಲಿ ಬಹಳ ಚೆನ್ನಾಗಿ ಮಾಡುತ್ತದೆ. ಡ್ರಾಂಗ್ಲೀಕ್ ಅನ್ನುವ ಈ ರಾಜ್ಯದ ಅಡಿಯಲ್ಲಿ ಇನ್ನೊಂದು ರಾಜ್ಯ, ಅದರಡಿ ಮತ್ತೊಂದು. ಹೆಸರು ಹೇಳುವವರಿಲ್ಲ. ಇದು ತಮ್ಮನಿಗೆ ಸಪ್ಪೆ, "ಯಾರ ಕಥೆ ಅಂತಾನೇ ಗೊತ್ತಾಗಲ್ಲ" ಅನ್ನುತ್ತಾನೆ. ನಾನು ಬೆಳೆದಿದ್ದು ಹಳೇಬೀಡಿಗೆ ವರ್ಷಕ್ಕೆ ಎರಡು ಸಲ ನೆಂಟರನ್ನು ಕರೆದುಕೊಂಡು ಹೋಗುವ ಮನೆಯಲ್ಲಿ. ದ್ವಾರಸಮುದ್ರ ಅನ್ನುವ ರಾಜಧಾನಿಗೆ 1311ರಲ್ಲಿ ಮಲ್ಲಿಕ್ ಕಾಫರ್ ದಂಡು ಬಂತು, ಮುಂದೆ ರಾಜಧಾನಿ ಪಾಳುಬಿತ್ತು. ಊರಿಗೆ ಉಳಿದ ಹೆಸರೇ ಹಳೇ ಬೀಡು. ದೇವಸ್ಥಾನದ ಮುಂದೆ ಗೈಡ್ ಇರುತ್ತಾರೆ, ಶಿಲ್ಪಗಳ ಕಥೆ ಸಿಗುತ್ತದೆ. ಹಿಂದೆ ಹೊಲಗಳ ನಡುವೆ ಕೋಟೆ ಗೋಡೆಯ ಸಾಲು ಇದೆಯಲ್ಲ, ಅದರ ಪಕ್ಕ ನಡೆದರೆ ಯಾವ ಕಲ್ಲು ಯಾರದು ಅಂತ ಹೇಳುವವರಿಲ್ಲ. ಗೊರೂರು ಹಿನ್ನೀರಿನ ಶೆಟ್ಟಿಹಳ್ಳಿ ಚರ್ಚ್ ಕೂಡ ಹಾಗೇ, ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಿಗೆಯಲ್ಲಿ ಬುಡ ತೋರಿಸಿಕೊಂಡು ನಿಲ್ಲುತ್ತದೆ. ಸಮುದ್ರದಲ್ಲಿ ಮುಳುಗುತ್ತಿರುವ ಹೈಡ್ಸ್ ಮೊದಲ ಸಲ ಕಂಡಾಗ ನನಗೆ ಗುರುತಿನ ಜಾಗಕ್ಕೆ ಬಂದ ಹಾಗಾಯಿತು. ಇದು ಗೇಮ್‌ನ ಹೆಚ್ಚುಗಾರಿಕೆ ಅಲ್ಲದೇ ಇರಬಹುದು, ನಾನು ಹುಟ್ಟಿದ ಜಿಲ್ಲೆಯ ಪ್ರಭಾವ ಇರಬಹುದು.

ವೆಂಡ್ರಿಕ್ ರಾಜನ ಜಾಗ ಇದೆಯಲ್ಲ, ಅದೊಂದಕ್ಕೇ ನಾನು ಕೊಟ್ಟ ದುಡ್ಡು ತೀರಿತು. ಗೇಮ್ ಪೂರ್ತಿ "ರಾಜನನ್ನು ನೋಡು, ರಾಜನನ್ನು ನೋಡು" ಅಂತ ಕಳಿಸುತ್ತಾರೆ. ಅವನ ಕಾವಲುಗಾರನನ್ನು ಕೊಂದು ಒಳಗೆ ಹೋದರೆ ಕಿರೀಟ ಇಲ್ಲ, ಸಿಂಹಾಸನ ಇಲ್ಲ. ಬುದ್ಧಿ ಕಳೆದುಕೊಂಡ ದೈತ್ಯ ಮುದುಕನೊಬ್ಬ ಕತ್ತಿ ಎಳೆದುಕೊಂಡು ಸುತ್ತುತ್ತಿದ್ದಾನೆ. ನಿಮ್ಮ ಕಡೆ ತಿರುಗಿಯೂ ನೋಡಲ್ಲ. ನಮ್ಮಜ್ಜ ಕೊನೆಯ ಎರಡು ವರ್ಷ ಪಡಸಾಲೆಯಲ್ಲಿ ಹೀಗೇ ಸುತ್ತುತ್ತಿದ್ದರು, ತೋಟಕ್ಕೆ ನೀರು ಬಿಟ್ಟರಾ ಅಂತ ಕೇಳಿಕೊಂಡು. ತೋಟ ಮಾರಿ ಆಗಲೇ ಹತ್ತು ವರ್ಷ ಆಗಿತ್ತು. ಆವತ್ತು ನಾನು ವೆಂಡ್ರಿಕ್‌ಗೆ ಹೊಡೆಯದೆ ವಾಪಸ್ ಬಂದೆ. ಲುಕಾಟಿಯಲ್ ಅನ್ನುವ ಹೆಣ್ಣು ಯೋಧೆಯೂ ಹೀಗೆ, ಸಿಕ್ಕಿದಾಗೆಲ್ಲ ಒಂದಷ್ಟು ಮರೆತಿರುತ್ತಾಳೆ. ಕೊನೆಗೆ ನನ್ನ ಹೆಸರನ್ನಾದರೂ ನೆನಪಿಟ್ಟುಕೋ ಅಂತ ಬೇಡುತ್ತಾಳೆ.

ವರ್ಷಗಳು ಕಳೆದಂತೆ ಇಷ್ಟವಾದವು ಕೆಲವಿವೆ. ಎರಡು ಕೈಗೂ ಆಯುಧ ಹಿಡಿದು ಒಟ್ಟಿಗೆ ಬೀಸುವ ಪವರ್ ಸ್ಟಾನ್ಸ್ ಮೂರನೇದರಲ್ಲಿ ಮಾಯವಾಗಿ, 2022ರ ಎಲ್ಡನ್ ರಿಂಗ್‌ನಲ್ಲಿ ಬೇರೆ ರೂಪದಲ್ಲಿ ವಾಪಸ್ ಬಂತು. ಅದರ ಸಹನಿರ್ದೇಶಕರಲ್ಲಿ ತನಿಮುರಾ ಕೂಡ ಇದ್ದರು, ಗಮನಿಸಿ. ಮುಗಿಸಿದ ಮೇಲೆ ಅದೇ ಪಾತ್ರದಲ್ಲಿ ಮತ್ತೆ ಆಡುವ ನ್ಯೂ ಗೇಮ್ ಪ್ಲಸ್‌ನಲ್ಲಿ ಬರೀ ಶತ್ರುಗಳ ಜೀವ ಹೆಚ್ಚಿಸಿ ಕೈತೊಳೆದುಕೊಂಡಿಲ್ಲ. ಎರಡನೇ ಸುತ್ತಿನಲ್ಲಿ ಲಾಸ್ಟ್ ಸಿನ್ನರ್ ಅನ್ನುವ ದೊಡ್ಡ ಶತ್ರುವಿನ ಎದುರು ನಿಂತರೆ ಬೆಂಕಿ ಎಸೆಯುವ ಇಬ್ಬರು ಜೊತೆಗೆ ಬರುತ್ತಾರೆ. ನನ್ನ ಕೈಯಿಂದ ಕಂಟ್ರೋಲರ್ ಜಾರಿತ್ತು. ಬಾನ್‌ಫೈರ್ ಅಸೆಟಿಕ್ ಅನ್ನುವ ವಸ್ತು ಸುಟ್ಟರೆ ಆ ಒಂದು ಜಾಗವನ್ನು ಮಾತ್ರ ಕಷ್ಟ ಮಾಡಿಕೊಂಡು ಮತ್ತೆ ಆಡಬಹುದು. ಸೋಲ್ ವೆಸೆಲ್ ಅನ್ನುವ ವಸ್ತು ಇದ್ದರೆ ಸ್ಟ್ಯಾಟ್‌ಗಳನ್ನೆಲ್ಲ ಕಿತ್ತು ಮತ್ತೆ ಹಂಚಬಹುದು. 640 ಗಂಟೆ ಸುಮ್ಮನೆ ಆಗಿದ್ದಲ್ಲ.

ಎಷ್ಟು ವರ್ಷ ಆದರೂ ಒಗ್ಗದೇ ಇದ್ದವೂ ಇವೆ. ಸೋಲ್ ಮೆಮೊರಿ. ನೀವು ಇದುವರೆಗೆ ಗಳಿಸಿದ ಒಟ್ಟು ಸೋಲ್, ಅಂದರೆ ಈ ಗೇಮ್‌ನ ದುಡ್ಡು, ನೋಡಿ ಆನ್‌ಲೈನ್ ಜೊತೆಗಾರರನ್ನು ಹುಡುಕುತ್ತದೆ. ಕಳೆದುಕೊಂಡಿದ್ದೂ ಲೆಕ್ಕಕ್ಕೆ ಸೇರುತ್ತದೆ, ಅಂದರೆ ಜೇಬುಗಳ್ಳನ ಪಾಲಾದ ದುಡ್ಡಿಗೂ ತೆರಿಗೆ. ತಮ್ಮ ಮತ್ತೆ ಆಡಲು ಕೂತಾಗ ನನ್ನ ಹಳೇ ಪಾತ್ರದಿಂದ ಅವನ ಜೊತೆ ಸೇರಲಾಗಲಿಲ್ಲ, ಹೊಸದೇ ಶುರುಮಾಡಬೇಕಾಯಿತು. ಶತ್ರುಗಳನ್ನು ಗುಂಪುಗುಂಪಾಗಿ ನಿಲ್ಲಿಸಿದ್ದು ಇನ್ನೊಂದು. ಆ ಲಾವಾದ ಕೋಟೆ ಐರನ್ ಕೀಪ್‌ನಲ್ಲಿ ನಾನು ಇಂದಿಗೂ ಬಿಲ್ಲು ಹಿಡಿದು ಒಬ್ಬೊಬ್ಬರನ್ನೇ ಕೆರಳಿಸಿ ಕರೆದು ಹೊಡೆಯುತ್ತೇನೆ. ಅದು ಯುದ್ಧವಲ್ಲ, ಕೂಲಿ. ಮೂರನೇ ಡಿಎಲ್‌ಸಿಯ ಹಿಮದ ಬಯಲು ಫ್ರಿಜಿಡ್ ಔಟ್‌ಸ್ಕರ್ಟ್ಸ್ ಬಗ್ಗೆ ಮಾತಾಡುವುದೇ ಬೇಡ. ಮುಂಗಾರಿನಲ್ಲಿ ಬಿಸಿಲೆ ಘಾಟಿ ಮಂಜು, ಅದರೊಳಗಿಂದ ಕೊಂಬಿನ ಕುದುರೆಗಳು.

ಆದರೂ ಅಂಗಡಿ ಬಾಗಿಲು ಹಾಕಿ ಬಂದಮೇಲೆ ಎಷ್ಟೋ ರಾತ್ರಿ ಗೇಮ್ ಆನ್ ಮಾಡಿ ಏನೂ ಮಾಡದೆ ಮಜೂಲಾದಲ್ಲಿ ಕೂತಿದ್ದೇನೆ. ಸಮುದ್ರದ ದಂಡೆಯ ಹಾಳು ಊರು, ಸದಾ ಸಂಜೆ, ಒಂದು ಬಾನ್‌ಫೈರ್, ಮೆಲ್ಲಗೆ ಸಂಗೀತ. ಅಮ್ಮ ಒಂದು ಸಲ ಹಿಂದೆ ಬಂದು ನಿಂತು, "ಇದೇನೋ, ಆಡದೇ ಬರೀ ಸೂರ್ಯ ಮುಳುಗೋದು ನೋಡ್ತಾ ಕೂತಿದ್ದೀಯ? ಮುಳುಗ್ತಾನೂ ಇಲ್ವಲ್ಲೋ ಅದು" ಅಂದರು.

ಈಗ ತಗೊಳ್ಳುವವರು ಸ್ಕಾಲರ್ ಆವೃತ್ತಿಯನ್ನೇ ತಗೊಳ್ಳಿ, ಸೇಲ್‌ಗೆ ಕಾಯಿರಿ. ಒಂದನೇದು ಆಡಿದ್ದರೆ ಒಂದಾರು ತಿಂಗಳು ಬಿಟ್ಟು ಶುರುಮಾಡಿ, ಕೈ ಸ್ವಲ್ಪ ಮರೆಯಲಿ. ಅಜಿಲಿಟಿ 100 ಮುಟ್ಟುವವರೆಗೆ ಬೇರೆ ಯಾವುದಕ್ಕೂ ಜಾಸ್ತಿ ಸೋಲ್ ಸುರಿಯಬೇಡಿ. ಆ ಉಂಗುರ ಮರೆಯಬೇಡಿ.

ಮದುವೆ ಊಟದ ಜಗಳ ಆದಮೇಲೆ ತಮ್ಮ ಲ್ಯಾಪ್‌ಟಾಪ್‌ಗೆ ಸ್ಕಾಲರ್ ಹಾಕಿಸಿಕೊಂಡಿದ್ದಾನೆ, ಹೊಸ ಪಾತ್ರ, ಅಡಾಪ್ಟಬಿಲಿಟಿ ನಾನು ಹೇಳಿದಷ್ಟೇ. ತೋಟದಲ್ಲಿ ಮಳೆಗೆ ಕರೆಂಟ್ ಹೋಗಿ ಬಂದು ಮಾಡುವುದರಿಂದ ನಿಧಾನ. ಲಿಫ್ಟ್‌ನಲ್ಲಿ ಮೇಲೆ ಹೋಗುವಾಗ ವಿಡಿಯೋ ಕಾಲ್ ಮಾಡಿ, ಬಾಗಿಲು ತೆರೆಯುವವರೆಗೂ ಒಂದು ಮಾತಾಡದೆ ನನ್ನ ಮುಖ ನೋಡುತ್ತಾ ಕೂತಿದ್ದ. ಈಗ ಅಮಾನಾದಲ್ಲಿದ್ದಾನೆ. ನಿನ್ನೆ ರಾತ್ರಿ ಹನ್ನೆರಡೂವರೆಗೆ ಬಂದ ಮೆಸೇಜ್‌ನಲ್ಲಿ ಇದ್ದಿದ್ದು ಇಷ್ಟೇ: "17 ಸಲ."