ಕಡಿದಾದ ದಾರಿಯ ಹಿಮಕ್ಕೆ ಪ್ಲೋ ಬೇಕೋ, ಬ್ಲೋವರ್ ಬೇಕೋ?

ಮನೆಯಿಂದ ರಸ್ತೆಗೆ 200 ಮೀಟರ್ ಏರುದಾರಿ ಇದ್ದರೆ ಸಲಿಕೆಯ ಮಾತು ಬಿಡಿ. ಉಳಿಯುವುದು ಎರಡೇ: ಪಿಕಪ್‌ ಗಾಡಿಯ ಮುಂದೆ ಕಟ್ಟುವ ಪ್ಲೋ, ಅಂದರೆ ಹಿಮ ತಳ್ಳುವ ಅಗಲ ಹಲಗೆ, ಇಲ್ಲವೇ ಎರಡು ಹಂತದ ಸ್ನೋ ಬ್ಲೋವರ್, ಅಂದರೆ ತಿರುಗುವ ತಿರುಪಿನಿಂದ ಹಿಮವನ್ನು ಒಳಗೆಳೆದು, ಫ್ಯಾನಿನಿಂದ ಕೊಳವೆಯ ಮೂಲಕ ಎಸೆಯುವ ಯಂತ್ರ.

ಬೇಗ ಮುಗಿಯುವುದು ಪ್ಲೋದಲ್ಲಿ. ಆದರೆ ಅದು ಹಿಮವನ್ನು ಎಸೆಯುವುದಿಲ್ಲ, ತಳ್ಳುತ್ತದೆ ಅಷ್ಟೇ. ಅಂಚಿನ ರಾಶಿ ಒಮ್ಮೆ ಹೆಪ್ಪುಗಟ್ಟಿತೆಂದರೆ ಜಗ್ಗುವುದಿಲ್ಲ, ದಾರಿ ವಾರವಾರಕ್ಕೂ ಕಿರಿದಾಗುತ್ತದೆ. ಅದಕ್ಕೇ ಮೊದಲ ಹಿಮದಲ್ಲೇ ಎರಡೂ ಬದಿ ಒಂದು ಮೀಟರ್ ಹೆಚ್ಚಿಗೆ ತಳ್ಳಿಡಿ. ಚಕ್ರಕ್ಕೆ ಸರಪಳಿ, ಹಿಂಬದಿಗೆ ಮರಳು ಮೂಟೆಯ ಭಾರ ಬೇಕೇ ಬೇಕು. ಯಾವಾಗಲೂ ಇಳಿಜಾರಿನ ಕಡೆಗೇ ತಳ್ಳಿ, 15 ಸೆಂ.ಮೀ. ಬಿದ್ದಾಗಲೇ ಶುರು ಮಾಡಿ, ನಿಲ್ಲುವವರೆಗೆ ಕಾಯಬೇಡಿ.

ಬ್ಲೋವರ್ ನಿಧಾನ, ಆದರೆ ಹಿಮವನ್ನು ದೂರಕ್ಕೆ ಎಸೆಯುವುದರಿಂದ ದಾರಿ ಕಿರಿದಾಗದು. ಕಡಿದಾದ ಜಾಗಕ್ಕೆ ಚಕ್ರಕ್ಕಿಂತ ಟ್ರ್ಯಾಕ್ (ಟ್ಯಾಂಕಿನಂಥ ಪಟ್ಟಿ) ಇರುವುದೇ ಮೇಲು. ಜಲ್ಲಿ ದಾರಿಯಾದರೆ ಸ್ಕಿಡ್ ಶೂ (ಬದಿಯಲ್ಲಿ ನೆಲಕ್ಕೆ ಒರಗಿ ಜಾರುವ ಪಾದ) ಇಳಿಸಿ ಯಂತ್ರದ ಬಾಯನ್ನು ಎರಡು-ಮೂರು ಸೆಂ.ಮೀ. ಎತ್ತರಿಸಿ. ಕಲ್ಲು ಸಿಕ್ಕಿದರೆ ತಿರುಪನ್ನು ಅಕ್ಷಕ್ಕೆ ಹಿಡಿದಿಡುವ ಶಿಯರ್ ಪಿನ್ ಟಕ್ಕೆಂದು ಮುರಿಯುತ್ತದೆ. ಗೇರ್‌ಬಾಕ್ಸ್ ಉಳಿಸಲೆಂದೇ ಅದು ಇರುವುದು. ಬದಲಿಗೆ ಗಟ್ಟಿ ಬೋಲ್ಟ್ ಹಾಕಿದರೆ ಗೇರ್‌ಬಾಕ್ಸೇ ಹೋಗುತ್ತದೆ. ಒದ್ದೆ ಹಿಮ ಕೊಳವೆಯಲ್ಲಿ ಕಟ್ಟಿಕೊಂಡರೆ ಎಂಜಿನ್ ಆರಿಸಿ, ಕೋಲಿನಿಂದ ತಿವಿಯಿರಿ. ಕೈ ಮಾತ್ರ ಹಾಕಲೇಬೇಡಿ.

ಬದಿಯಲ್ಲಿ ತಳ್ಳಲು ಜಾಗವಿದ್ದರೆ ಪ್ಲೋ. ಒಂದು ಕಡೆ ದಿಬ್ಬ, ಇನ್ನೊಂದು ಕಡೆ ಕಮರಿ ಇದ್ದರೆ ಯೋಚಿಸದೆ ಬ್ಲೋವರ್ ತೆಗೆದುಕೊಳ್ಳಿ.