ಬೆಟ್ಟದ ಕಾಡಿಗೆ ಯಾವ ಕೋವಿ? ಟಿಕ್ಕಾ ಟಿ3ಎಕ್ಸ್ ಲೈಟ್ ಹೆಗಲಿಗೆ ಹಾಕಿ ನಡೆದವಳ ಅಭಿಪ್ರಾಯ

ಮೊದಲೇ ಹೇಳಿಬಿಡುತ್ತೇನೆ, ಇದು ಭಾರತದಲ್ಲಿ ಬೇಟೆಯಾಡುವವರಿಗೆ ಬರೆದದ್ದಲ್ಲ. ಇಲ್ಲಿ ಜಿಂಕೆ, ಕಡವೆ, ಕಾಡುಕುರಿ ಯಾವುದರ ಮೇಲೂ ಕೋವಿ ಎತ್ತುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಅದು ಇರಲೇಬೇಕು ಅಂತ ನಾನೂ ಮನಸಾರೆ ಒಪ್ಪುತ್ತೇನೆ. ಆದರೆ ಪುಣೆಯ ನಮ್ಮ ಕನ್ನಡ ಬಳಗದಲ್ಲಿ ಮಕ್ಕಳೋ ತಮ್ಮಂದಿರೋ ಅಮೆರಿಕದಲ್ಲಿ ಇರುವವರು ಬಹಳ ಜನ. ಅಲ್ಲಿ ಜಿಂಕೆ ಬೇಟೆಗೆ ಸರ್ಕಾರವೇ ಲೆಕ್ಕ ಹಾಕಿ ಲೈಸೆನ್ಸ್ ಕೊಡುತ್ತದೆ. ಹಾಗಾಗಿ ‘ಯಾವ ರೈಫಲ್ ತಗೊಳ್ಳಲಿ’ ಅಂತ ಕೇಳುವವರು ಈಚೆಗೆ ಜಾಸ್ತಿ ಆಗಿದ್ದಾರೆ. ಅವರಿಗೆ ಇದು.

ನಾನು ಕೊಡಗಿನವಳು, ಈಗ ಪುಣೆಯ ಕೊಥ್ರೂಡ್‌ನಲ್ಲಿ ಮನೆ. ಕೈಲ್ ಮುಹೂರ್ತದ, ಅಂದರೆ ನಮ್ಮ ಕೊಡಗಿನ ಆಯುಧ ಪೂಜೆಯ ಹಬ್ಬದ ದಿನ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಈಡು ಹೊಡೆಯುವುದನ್ನು ನೋಡುತ್ತಾ, ಆಮೇಲೆ ಹೊಡೆಯುತ್ತಾ ಬೆಳೆದವಳು. ತಮ್ಮ ಕೊಲೊರಾಡೋದ ಡುರಾಂಗೋದಲ್ಲಿ ಇದ್ದಾನೆ. ಊರಿನ ಬೆನ್ನಿಗೇ ಸ್ಯಾನ್ ವಾನ್ ಬೆಟ್ಟಗಳು. ಶರತ್ಕಾಲದಲ್ಲಿ ಅವನ ಜೊತೆ ಆ ಕಾಡಿಗೆ ಹೋಗುತ್ತೇನೆ. ಅವನ ಬಳಿ ಇರುವುದು ಟಿಕ್ಕಾ ಟಿ3ಎಕ್ಸ್ ಲೈಟ್, ಸ್ಟೇನ್‌ಲೆಸ್ ನಳಿಗೆ, .308 ವಿಂಚೆಸ್ಟರ್ ತೋಟಾ. ಅವನ ಸ್ನೇಹಿತರ ಬೇರೆ ರೈಫಲ್‌ಗಳನ್ನೂ ಹೊತ್ತು, ಹೊಡೆದು ನೋಡಿದ್ದೇನೆ.

ಕೋವಿ ಆರಿಸುವಾಗ ಎಲ್ಲರೂ ಮೊದಲು ಹಿಡಿಯುವುದು ಕ್ಯಾಲಿಬರ್ ಜಗಳ, ಅಂದರೆ ಗುಂಡಿನ ದಪ್ಪ ಎಷ್ಟಿರಬೇಕು ಅನ್ನುವುದು. ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ದೂರದ ಬೆಟ್ಟದ ಕಾಡಿಗೆ ಹೋಗುವವರು ಮೊದಲು ಕೇಳಬೇಕಾದದ್ದು ಇದು: ಇಡೀ ದಿನ ಇದನ್ನು ಹೊತ್ತು ಏರು ಹತ್ತಿ, ಏದುಸಿರು ಬಿಡುತ್ತಾ ಇರುವಾಗ, ಮಂಡಿಯೂರಿ ಕೂತು ಒಂದೇ ಒಂದು ಈಡನ್ನು ಸರಿಯಾದ ಜಾಗಕ್ಕೆ ಇಡಲು ನನ್ನಿಂದ ಆಗುತ್ತದಾ? ಅಲ್ಲಿನ ಮ್ಯೂಲ್ ಡಿಯರ್ ದೊಡ್ಡ ಜಿಂಕೆ, ಬಲಿತ ಗಂಡು 100 ಕಿಲೋ ದಾಟುತ್ತದೆ. ಆದರೂ ಅದರ ಹೃದಯ, ಶ್ವಾಸಕೋಶ ಇರುವ ಜಾಗ ಸುಮಾರು 8 ಇಂಚು ಅಗಲ, ಅಷ್ಟೇ. ಮುಂಗಾಲಿನ ಹಿಂದೆ ಆ ಜಾಗಕ್ಕೆ ಬಿದ್ದರೆ ಪ್ರಾಣಿ ಬೇಗ ಮುಗಿಯುತ್ತದೆ. ತಪ್ಪಿ ಹೊಟ್ಟೆಗೆ ಬಿದ್ದರೆ ಗಂಟೆಗಟ್ಟಲೆ ನರಳುತ್ತದೆ. ಇದು ಸಣ್ಣ ವಿಷಯ ಅಲ್ಲ. ಒಂದು ಜೀವ ತೆಗೆಯುವ ಕೆಲಸ ಇದು, ಅದಕ್ಕೆ ಯಾತನೆ ಕೊಡದೆ ಮುಗಿಸುವ ಹೊಣೆ ಪೂರ್ತಿ ನಮ್ಮದು.

ಈಗ ರೈಫಲ್ ವಿಷಯ. ಟಿಕ್ಕಾ ತಯಾರಾಗುವುದು ಫಿನ್ಲೆಂಡಿನ ರಿಹಿಮಾಕಿಯಲ್ಲಿ, ಸಾಕೋ ಕಾರ್ಖಾನೆಯಲ್ಲಿ. ಟಿ3 ಮಾದರಿ ಬಂದದ್ದು 2003ರಲ್ಲಿ, ಅದನ್ನೇ ತಿದ್ದಿ ಟಿ3ಎಕ್ಸ್ ಮಾಡಿದ್ದು 2016ರಲ್ಲಿ. ಲೈಟ್ ಮಾದರಿಯ ತೂಕ, ಗುರಿ ನೋಡಲು ಮೇಲೆ ಕೂರಿಸುವ ದುರ್ಬೀನು ಇಲ್ಲದೆ, 3 ಕಿಲೋಗಿಂತ ಸ್ವಲ್ಪ ಕಮ್ಮಿ. ದುರ್ಬೀನು, ಪಟ್ಟಿ, ತೋಟಾ ಸೇರಿದರೆ ಮೂರೂವರೆ ಕಿಲೋ ಆಸುಪಾಸು. ಕೇಳಲು ಅಂಥ ವ್ಯತ್ಯಾಸ ಏನೂ ಕಾಣಲ್ಲ. ಆದರೆ ಡುರಾಂಗೋ ಊರೇ ಸುಮಾರು 2,000 ಮೀಟರ್ ಎತ್ತರದಲ್ಲಿದೆ, ಜಿಂಕೆ ಹುಡುಕುತ್ತಾ ಹೋಗುವುದು ಇನ್ನೂ ಮೇಲಕ್ಕೆ. ನಮ್ಮ ಸಿಂಹಗಡದ ನೆತ್ತಿಯೇ 1,300 ಮೀಟರ್ ಅಷ್ಟೇ ಇರುವುದು. ಪುಣೆಯ ಗಾಳಿಗೆ ಒಗ್ಗಿದ ಶ್ವಾಸಕೋಶಕ್ಕೆ ಆ ಎತ್ತರದಲ್ಲಿ ಪ್ರತಿ ಅರ್ಧ ಕಿಲೋನೂ ಗೊತ್ತಾಗುತ್ತದೆ. ತಮ್ಮನ ಸ್ನೇಹಿತನೊಬ್ಬನ ದಪ್ಪ ನಳಿಗೆಯ ರೈಫಲ್ ಹೊತ್ತ ದಿನ ಮಧ್ಯಾಹ್ನದ ಹೊತ್ತಿಗೆ ನನ್ನ ಬಲಭುಜ ಜೋಮು ಹಿಡಿದಿತ್ತು, ಗುರಿ ಹಿಡಿದರೆ ಕೈ ನಿಲ್ಲುತ್ತಿರಲಿಲ್ಲ. ಟಿಕ್ಕಾ ಹೊತ್ತಾಗ ಹಾಗೆ ಆಗಲಿಲ್ಲ.

ಇದರ ಬೋಲ್ಟ್, ಅಂದರೆ ತೋಟಾ ಒಳಗೆ ತಳ್ಳಲು, ಹೊರಗೆ ತೆಗೆಯಲು ಕೈಯಲ್ಲಿ ಎಳೆಯುವ ಭಾಗ, ಅದರ ಬಗ್ಗೆ ಎಷ್ಟು ಹೇಳಿದರೂ ಕಮ್ಮಿ. ಎಣ್ಣೆ ಬಿಟ್ಟ ಹಳೇ ಮನೆಯ ಚಿಲಕದ ಹಾಗೆ ಸರಕ್ಕಂತ ಹಿಂದೆ ಬರುತ್ತದೆ, ಸರಕ್ಕಂತ ಮುಂದೆ ಹೋಗುತ್ತದೆ, ಎಲ್ಲೂ ತಡೆಯುವುದಿಲ್ಲ. ಹಿಡಿಯನ್ನು 70 ಡಿಗ್ರಿ ಎತ್ತಿದರೆ ಸಾಕು, ಹಾಗಾಗಿ ಕೈಗವಸು ಹಾಕಿದ ಬೆರಳು ದುರ್ಬೀನಿಗೆ ತಾಗುವುದಿಲ್ಲ. ಟ್ರಿಗರ್ ಎಳೆತವನ್ನು ಸುಮಾರು 1ರಿಂದ 2 ಕಿಲೋ ಒಳಗೆ ಬೇಕಾದ ಹಾಗೆ ಕೂಡಿಸಿಕೊಳ್ಳಬಹುದು. ತೀರಾ ಹಗುರ ಇಡಬೇಡಿ. ಚಳಿಗೆ ಮರಗಟ್ಟಿದ ಬೆರಳಿಗೆ ಅಂದಾಜು ಸಿಗಲ್ಲ. 100 ಗಜದಲ್ಲಿ ಮೂರು ಗುಂಡು ಸುಮಾರು ಒಂದು ಇಂಚಿನೊಳಗೆ ಬೀಳುತ್ತವೆ ಅಂತ ಕಂಪನಿ ಮಾತು ಕೊಡುತ್ತದೆ. ತಮ್ಮನ ರೈಫಲ್ ಆ ಮಾತು ಉಳಿಸಿಕೊಂಡಿದೆ.

ನನಗೆ ಹಿಡಿಸದ ವಿಷಯಗಳೂ ಇವೆ. ಕೋವಿ ತಾನಾಗಿ ಹಾರದಂತೆ ತಡೆಯುವ ಸೇಫ್ಟಿ ಹಾಕಿದರೆ ಬೋಲ್ಟ್‌ಗೂ ಬೀಗ ಬೀಳುತ್ತದೆ. ನಡೆಯುವಾಗ ಪೊದೆಗೆ ಸಿಕ್ಕಿ ತೆರೆದುಕೊಳ್ಳಲ್ಲ, ಅದು ಒಳ್ಳೆಯದೇ. ಆದರೆ ನಳಿಗೆಯಲ್ಲಿ ಇರುವ ತೋಟಾ ತೆಗೆಯಬೇಕು ಅಂದರೆ ಸೇಫ್ಟಿ ಬಿಡಿಸಲೇಬೇಕು. ಕತ್ತಲಾದ ಮೇಲೆ ಸುಸ್ತಾಗಿ ಗಾಡಿ ಹತ್ತಿರ ಬಂದು ಕೋವಿ ಖಾಲಿ ಮಾಡುವ ಹೊತ್ತಲ್ಲಿ ಇದು ನನಗೆ ಸಮಾಧಾನ ಕೊಡುವುದಿಲ್ಲ. ವಿಂಚೆಸ್ಟರ್ ಮಾಡೆಲ್ 70 ಅನ್ನುವ ಇನ್ನೊಂದು ರೈಫಲ್ ಬಂದದ್ದು 1936ರಲ್ಲಿ. ಅದರ ಸೇಫ್ಟಿಗೆ ಮೂರು ಹಂತ. ನಡುವಿನ ಹಂತದಲ್ಲಿ ಕೋವಿ ಹಾರುವುದಿಲ್ಲ, ಬೋಲ್ಟ್ ಮಾತ್ರ ತೆರೆಯುತ್ತದೆ. ಆ ಒಂದು ವಿಷಯಕ್ಕೆ ಅದೇ ಮೇಲು. ಟಿಕ್ಕಾ ಹಿಡಿದವರು ಖಾಲಿ ಮಾಡುವಾಗ ನಳಿಗೆಯ ಬಾಯಿ ಎತ್ತ ಕಡೆ ಇದೆ ಅಂತ ಎರಡು ಸಲ ನೋಡಿಕೊಳ್ಳಿ, ಪ್ರತಿ ಸಲವೂ.

ಇನ್ನೊಂದು, ತೋಟಾ ತುಂಬುವ ಡಬ್ಬಿ, ಅಂದರೆ ಮ್ಯಾಗಜಿನ್, ಪ್ಲಾಸ್ಟಿಕ್ಕು, ಮೂರು ತೋಟಾ ಹಿಡಿಯುತ್ತದೆ. ಮೂರು ಸಾಕು ಬಿಡಿ. ಆದರೆ ಅದು ಎಲ್ಲೋ ಬಿದ್ದುಹೋದರೆ ಹೊಸದು ದುಬಾರಿ. ಕಬ್ಬಿಣದ ಗುರಿಕಣ್ಣು ಇಲ್ಲ, ದುರ್ಬೀನು ಹಾಕಲೇಬೇಕು.

ಬೆಲೆ ಅಲ್ಲಿ ಸುಮಾರು 800 ಡಾಲರ್ ಆಸುಪಾಸು. ಅಷ್ಟು ಬೇಡ ಅನ್ನುವವರಿಗೆ ರೂಗರ್ ಅಮೆರಿಕನ್ ಇದೆ, ಅದೂ ಹಗುರ, ಅದಕ್ಕೂ 70 ಡಿಗ್ರಿ ಬೋಲ್ಟ್. ಕೈಗೆ ಸ್ವಲ್ಪ ಒರಟು, ಭುಜಕ್ಕಿಟ್ಟು ಹಿಡಿಯುವ ಸ್ಟಾಕ್ ಮೆತ್ತಗೆ ಬಾಗುತ್ತದೆ, ಆದರೆ ಗುಂಡು ಮಾತ್ರ ಹೇಳಿದ ಕಡೆ ಬೀಳುತ್ತದೆ. ಮೊದಲ ಸಲ ಕೊಳ್ಳುವವರು, ಮುಂದಿನ ವರ್ಷ ಹೋಗುತ್ತೇವೋ ಇಲ್ಲವೋ ಗೊತ್ತಿಲ್ಲದವರು ಅದನ್ನೇ ತೆಗೆದುಕೊಂಡು ಉಳಿದ ದುಡ್ಡನ್ನು ಒಳ್ಳೆಯ ದುರ್ಬೀನಿಗೂ ಬೂಟಿಗೂ ಹಾಕಿ ಅಂತಲೇ ನಾನು ಹೇಳುವುದು. ಮಾರ್ಲಿನ್ 336 ಕೂಡ ಹೊಡೆದಿದ್ದೇನೆ, ಲಿವರ್ ಎಳೆಯುವ ಜಾತಿ, .30-30 ತೋಟಾ. ದಟ್ಟ ಕಾಡಿನಲ್ಲಿ, 100 ಗಜದೊಳಗೆ, ಅದರಷ್ಟು ಚುರುಕಾಗಿ ಭುಜಕ್ಕೆ ಬರುವ ಕೋವಿ ಇನ್ನೊಂದಿಲ್ಲ. ಆದರೆ ಕೊಲೊರಾಡೋದಲ್ಲಿ ಆಸ್ಪೆನ್ ಮರಗಳ ನಡುವಿನಿಂದ ಹೊರಬಂದರೆ ಎದುರಿಗೆ ಕಣಿವೆ ಪೂರ್ತಿ ತೆರೆದುಕೊಳ್ಳುತ್ತದೆ. ಜಿಂಕೆ ಆಚೆ ಬದಿ 250 ಗಜದಲ್ಲಿ ನಿಂತಿರುತ್ತದೆ. ಅಲ್ಲಿ .30-30 ಕೈಕೊಡುತ್ತದೆ.

ಈಗ ಕ್ಯಾಲಿಬರ್. .308 ಬಂದದ್ದು 1952ರಲ್ಲಿ, ತೋಟಾ ಎಲ್ಲಾ ಅಂಗಡಿಯಲ್ಲೂ ಸಿಗುತ್ತದೆ. ದೂರದ ಹಳ್ಳಿಯ ಪೆಟ್ರೋಲ್ ಬಂಕ್ ಪಕ್ಕದ ಅಂಗಡಿಯಲ್ಲೂ ಸಿಗುತ್ತದೆ, ಇದು ದೊಡ್ಡ ಅನುಕೂಲ. 200 ಗಜಕ್ಕೆ ಗುರಿ ಕೂಡಿಸಿಟ್ಟರೆ 300 ಗಜದಲ್ಲಿ ಗುಂಡು ಸುಮಾರು 8-9 ಇಂಚು ಕೆಳಗೆ ಬೀಳುತ್ತದೆ. ಅದಕ್ಕಿಂತ ದೂರ ಹೊಡೆಯಲು ನಾನು ಯಾರಿಗೂ ಹೇಳುವುದಿಲ್ಲ. .270 ವಿಂಚೆಸ್ಟರ್ ಇನ್ನೂ ಹಳೆಯದು, 1925ರದ್ದು, ಸ್ವಲ್ಪ ನೇರ ಹಾರುತ್ತದೆ, ಬೆಟ್ಟದವರಿಗೆ ಅದರ ಮೇಲೆ ಪ್ರೀತಿ. .30-06ಗೆ ನೂರು ವರ್ಷ ದಾಟಿದೆ, ಜಿಂಕೆಯಿಂದ ಅದಕ್ಕಿಂತ ಎಷ್ಟೋ ದೊಡ್ಡದಾದ ಎಲ್ಕ್‌ವರೆಗೆ ಎಲ್ಲಕ್ಕೂ ಆಗುತ್ತದೆ. .300 ವಿಂಚೆಸ್ಟರ್ ಮ್ಯಾಗ್ನಮ್ ಜಿಂಕೆಗೆ ಬೇಡವೇ ಬೇಡ.

ಯಾಕೆ ಅಂದರೆ ಒದೆತ. ಕೋವಿ ಹಗುರ ಆದಷ್ಟೂ ಅದೇ ತೋಟಾ ಭುಜಕ್ಕೆ ಜೋರಾಗಿ ಒದೆಯುತ್ತದೆ, ಅಲ್ವಾ? ಟಿಕ್ಕಾ ಲೈಟ್‌ನಲ್ಲಿ .308 ಒದೆತ ನಾನು ತಡೆಯುತ್ತೇನೆ, ಆದರೆ ರೇಂಜಿನಲ್ಲಿ ಬೆಂಚಿನ ಮೇಲೆ ಒಂದು ಪೆಟ್ಟಿಗೆ ತೋಟಾ ಮುಗಿಸುವ ಹೊತ್ತಿಗೆ ಸಾಕು ಅನಿಸುತ್ತದೆ. ಒದೆತಕ್ಕೆ ಹೆದರಿದ ಕೈ ಟ್ರಿಗರ್ ಎಳೆಯುವ ಮೊದಲೇ ಬೆಚ್ಚುತ್ತದೆ, ಗುಂಡು ಎತ್ತಲೋ ಹೋಗುತ್ತದೆ. ನರಳುವುದು ಜಿಂಕೆ. ನನ್ನ ಎತ್ತರ 5 ಅಡಿ 2 ಇಂಚು. ನನ್ನಂಥ ಹೆಂಗಸರಿಗೆ, ಮೊದಲ ಸಲ ಹೋಗುವ ಹುಡುಗರಿಗೆ 7ಎಂಎಂ-08 ರೆಮಿಂಗ್ಟನ್ ತೆಗೆದುಕೊಳ್ಳಿ ಅನ್ನುತ್ತೇನೆ. .308 ತೋಟಾದ ಕತ್ತನ್ನೇ ಕಿರಿದು ಮಾಡಿ 1980ರಲ್ಲಿ ತಂದದ್ದು, ಒದೆತ ಕಮ್ಮಿ, ಜಿಂಕೆಗೆ ಬೇಕಾದಷ್ಟು ಬಲ ಇದೆ. 6.5 ಕ್ರೀಡ್‌ಮೂರ್ ತೋಟಾ ಕೂಡ ಸರಿ. .243 ಇನ್ನೂ ಮೆತ್ತಗೆ. ಕೊಲೊರಾಡೋ ನಿಯಮದ ಪ್ರಕಾರ .24 ಇಂಚಿಗಿಂತ ಸಣ್ಣ ಗುಂಡು ಜಿಂಕೆಗೆ ನಡೆಯಲ್ಲ, ಅಂದರೆ .243 ಕಾನೂನಿನ ಅಂಚಿನಲ್ಲೇ ನಿಂತಿದೆ. ನುರಿತ ಕೈಗೆ ಅದು ಸಾಕು, ಹೊಸ ಕೈಗೆ ನಾನು ಕೊಡಲ್ಲ. ಸ್ಟಾಕ್ ಉದ್ದವಾಯಿತು ಅನಿಸಿದರೆ ಟಿಕ್ಕಾದಲ್ಲೇ ಕಾಂಪ್ಯಾಕ್ಟ್ ಅಂತ ಗಿಡ್ಡ ಸ್ಟಾಕಿನ ಮಾದರಿ ಇದೆ, ಅದನ್ನು ಭುಜಕ್ಕಿಟ್ಟು ನೋಡದೆ ಲೈಟ್ ಕೊಳ್ಳಬೇಡಿ.

ಸ್ಟೇನ್‌ಲೆಸ್, ಪ್ಲಾಸ್ಟಿಕ್ ಸ್ಟಾಕ್ ಸಾಕಾ, ಮರದ್ದು ಬೇಡವಾ? ಮರದ ಸ್ಟಾಕ್ ನೋಡಲು ಚೆಂದ, ನನಗೂ ಅದೇ ಇಷ್ಟ. ಆದರೆ ಬೆಳಗ್ಗೆ ಹಿಮ, ಮಧ್ಯಾಹ್ನ ಬಿಸಿಲು, ಸಂಜೆ ಮಳೆ ಬರುವ ಬೆಟ್ಟದಲ್ಲಿ ಮರ ನೀರು ಕುಡಿದು ಉಬ್ಬುತ್ತದೆ, ಗುರಿ ಸರಿಯುತ್ತದೆ. ದುರ್ಬೀನು 3-9x40 ಸಾಕು, ಅಂದರೆ 3ರಿಂದ 9 ಪಟ್ಟು ದೊಡ್ಡದಾಗಿ ತೋರಿಸುವ, 40 ಮಿಲಿಮೀಟರ್ ಗಾಜಿನದ್ದು. ಕಾಡಿನೊಳಗೆ ನಡೆಯುವಾಗ 3ರಲ್ಲೇ ಇಟ್ಟುಕೊಳ್ಳಿ, ಹತ್ತಿರ ಎದ್ದ ಜಿಂಕೆ 9ರಲ್ಲಿ ಕಾಣುವುದೇ ಇಲ್ಲ, ಬರೀ ಕಂದು ಬಣ್ಣ ಕಾಣುತ್ತದೆ. ಮತ್ತೆ ರಾತ್ರಿ ಚಳಿಯಿಂದ ರೈಫಲ್ಲನ್ನು ಸೀದಾ ಬೆಚ್ಚಗಿನ ಕೋಣೆಗೆ ತರಬೇಡಿ. ಗಾಜಿನ ಮೇಲೂ ಬೋಲ್ಟಿನ ಒಳಗೂ ನೀರು ಹನಿಯುತ್ತದೆ, ಬೆಳಗ್ಗೆ ಹೊರಗೆ ಒಯ್ದರೆ ಅದೇ ಹೆಪ್ಪುಗಟ್ಟುತ್ತದೆ. ಖಾಲಿ ಮಾಡಿ, ಚೀಲದೊಳಗೆ ಹಾಕಿ, ಬೀಗ ಹಾಕಿದ ತಣ್ಣನೆಯ ಜಾಗದಲ್ಲಿಡಿ.

ಪುಣೆಯಲ್ಲಿ ಕೂತು ಇದಕ್ಕೆಲ್ಲಾ ತಯಾರಿ ಹೇಗೆ ಅಂತ ಕೇಳುತ್ತಾರೆ. ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ. ಬಾಲೇವಾಡಿಯ ಶಿವಛತ್ರಪತಿ ಕ್ರೀಡಾ ಸಂಕೀರ್ಣದಲ್ಲಿ ಶೂಟಿಂಗ್ ರೇಂಜ್ ಇದೆ. 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಕಟ್ಟಿದ ಸಂಕೀರ್ಣ ಅದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್ ಮೂರು ಭಂಗಿಯಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ಕೊಲ್ಹಾಪುರ ಜಿಲ್ಲೆಯವರು, ಮಹಾರಾಷ್ಟ್ರದವರಿಗೆಲ್ಲಾ ಹೆಮ್ಮೆ. ಆ ಮೂರು ಭಂಗಿ ಯಾವುವು ನೋಡಿ: ಮಂಡಿಯೂರಿ, ಮಲಗಿ, ನಿಂತು. ಬೆಟ್ಟದಲ್ಲಿ ಬೇಟೆಗಾರನಿಗೆ ಬೇಕಾದದ್ದೂ ಅವೇ ಮೂರು. 10 ಮೀಟರ್ ಏರ್ ರೈಫಲ್‌ನಲ್ಲಿ ಉಸಿರು ಹಿಡಿಯುವುದು, ಟ್ರಿಗರ್ ಮೆಲ್ಲಗೆ ಒತ್ತುವುದು, ಈಡು ಹೋದ ಮೇಲೂ ಗುರಿ ಬಿಡದೆ ನೋಡುತ್ತಲೇ ಇರುವುದು, ಇಷ್ಟು ಕಲಿತರೆ ದೊಡ್ಡ ರೈಫಲ್‌ನ ಅರ್ಧ ಪಾಠ ಮುಗಿದ ಹಾಗೆ. ಜೊತೆಗೆ ಬೆನ್ನಿಗೆ ಭಾರದ ಚೀಲ ಹಾಕಿ ಸಿಂಹಗಡ ಹತ್ತಿ. ಭಾನುವಾರದ ಜಂಗುಳಿ ಬೇಡ ಅಂದರೆ ಬೆಳಗ್ಗೆ ಬೇಗ ಹೋಗಿ.

ಇಲ್ಲಿ ಒಂದು ಬೇಸರದ ವಿಷಯ ಹೇಳಲೇಬೇಕು. ಅಭ್ಯಾಸಕ್ಕೆ ಏರ್ ರೈಫಲ್ ನೋಡಲು ಊರಿನ ಒಂದು ಅಂಗಡಿಗೆ ಹೋಗಿದ್ದೆ. .177 ಬೋರಿನ, 20 ಜೂಲ್ ಮೀರದ ಏರ್ ರೈಫಲ್‌ಗೆ ನಮ್ಮಲ್ಲಿ ಲೈಸೆನ್ಸ್ ಬೇಕಿಲ್ಲ. ಅಂಗಡಿಯವರು ಅದನ್ನು ಕೈಗೆ ಕೊಟ್ಟು, ಫಾರ್ಮ್‌ಹೌಸಿಗೆ ಒಯ್ಯಿರಿ, ಹಕ್ಕಿ, ಮೊಲ ಆರಾಮಾಗಿ ಬೀಳುತ್ತವೆ ಅಂದರು. ಕೊಳ್ಳಲು ಬಂದಿದ್ದ ಇಬ್ಬರು ಹುಡುಗರು ಅದನ್ನೇ ಕಿವಿಗೊಟ್ಟು ಕೇಳುತ್ತಿದ್ದರು. ನನಗೆ ಮೈಯೆಲ್ಲಾ ಉರಿಯಿತು. ಕಾಯ್ದೆ ಏನು ಹೇಳುತ್ತದೆ ಅಂತ ಆ ಹುಡುಗರಿಗೆ ಅಲ್ಲೇ ಹೇಳಿ, ಏನೂ ಕೊಳ್ಳದೆ ಬಂದೆ. ಲೈಸೆನ್ಸ್ ಬೇಡ ಅಂದರೆ ಪ್ರಾಣಿ ಹೊಡೆಯಬಹುದು ಅಂತ ಅರ್ಥವಲ್ಲ. ದಯವಿಟ್ಟು ಕಾಗದದ ಗುರಿಗೆ ಮಾತ್ರ ಹೊಡೆಯಿರಿ.

ಹೋಗುವ ಮನಸ್ಸಿದ್ದರೆ ಕಾಗದಪತ್ರ ಮೊದಲು ನೋಡಿಕೊಳ್ಳಿ. ಪ್ರವಾಸಿ ವೀಸಾದಲ್ಲಿ ಹೋದವರು ಅಮೆರಿಕದಲ್ಲಿ ಸುಮ್ನೆ ಕೋವಿ ಹಿಡಿಯುವ ಹಾಗಿಲ್ಲ. ಅಲ್ಲಿನ ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸ್ ಕೈಯಲ್ಲಿದ್ದರೆ ವಿನಾಯಿತಿ ಇದೆ. ಕೊಲೊರಾಡೋದಲ್ಲಿ 1949ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರು ಬೇಟೆಗಾರರ ಶಿಕ್ಷಣದ ಕೋರ್ಸ್ ಮುಗಿಸಿರಬೇಕು. ರೈಫಲ್ ಸೀಸನ್‌ನಲ್ಲಿ ಮೈಮೇಲೆ 500 ಚದರ ಇಂಚು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಟ್ಟೆ, ತಲೆಗೂ ಅದೇ ಬಣ್ಣದ ಟೋಪಿ ಕಡ್ಡಾಯ. ಹೊಡೆದ ಪ್ರಾಣಿಯ ಮಾಂಸವನ್ನು ಕಾಡಿನಲ್ಲೇ ಬಿಟ್ಟು ಬರುವಂತಿಲ್ಲ. ಜಿಂಕೆ ಲೈಸೆನ್ಸ್ ಲಾಟರಿಯಲ್ಲಿ ಎತ್ತುತ್ತಾರೆ, ಅರ್ಜಿ ಏಪ್ರಿಲ್ ಮೊದಲ ವಾರದ ಹೊತ್ತಿಗೆ ಮುಗಿದುಹೋಗುತ್ತದೆ. ಅಂದರೆ ಈ ಶರತ್ಕಾಲಕ್ಕೆ ಹೋಗಬೇಕು ಅಂತ ಇದ್ದವರು ಸಂಕ್ರಾಂತಿ ಕಳೆಯುತ್ತಿದ್ದಂತೆ ಕೋರ್ಸ್ ಶುರು ಮಾಡಿ, ಹೆಸರು ಬಂದ ಮೇಲೆ ರೈಫಲ್ ಅಂಗಡಿಗೆ ಹೋದರೆ ಸಮಯ ಬೇಕಾದಷ್ಟು ಇರುತ್ತದೆ.