ಆಂಟಿವೈರಸ್ ಅಪ್‌ಡೇಟ್ ಆಗಿ ನೆಟ್ ಹೋದ್ರೆ ಫಾರ್ಮ್ಯಾಟ್‌ಗೆ ಒಪ್ಪಬೇಡಿ

ಆಂಟಿವೈರಸ್ ಅಪ್‌ಡೇಟ್ ಆದ ಮೇಲೆ ಕಂಪ್ಯೂಟರ್ ಕೈಕೊಟ್ಟಿದೆ ಅಂತ ಯಾರಾದರೂ ಸಿಪಿಯು ಹೊತ್ತುಕೊಂಡು ಅಂಗಡಿಗೆ ಹೊರಟಿದ್ದರೆ, ದಯವಿಟ್ಟು ಇದನ್ನು ಓದಿ ಆಮೇಲೆ ಹೋಗಿ. ಶಿವಮೊಗ್ಗದ ಒಂದು ಅಂಗಡಿಯವರು ನನಗೆ ಏನು ಮಾಡಿದರು ಅಂತ ಬರೆಯುತ್ತಿದ್ದೇನೆ. ಹೆಸರು ಹಾಕಲ್ಲ. ಹಾಕಿದರೆ ಅದೇ ಇನ್ನೊಂದು ತಲೆನೋವು.

ತೊಂದರೆ ಇದ್ದದ್ದು ಇಷ್ಟೇ. ಅಪ್‌ಡೇಟ್ ಆಯ್ತು, ರೀಸ್ಟಾರ್ಟ್ ಕೇಳಿತು, ಮಾಡಿದೆ. ಆಮೇಲೆ ಒಂದು ವೆಬ್‌ಸೈಟೂ ತೆರೆಯಲಿಲ್ಲ. ವೈಫೈ ಫುಲ್ ಇದೆ, ಮೊಬೈಲಲ್ಲಿ ಎಲ್ಲ ಬರುತ್ತಿದೆ. ಕಂಪ್ಯೂಟರಲ್ಲಿ ಮಾತ್ರ ಬ್ಯಾಂಕ್ ಸೈಟ್ ತೆರೆದರೂ ಸುರಕ್ಷಿತವಲ್ಲ, ಜಿಮೇಲ್ ತೆರೆದರೂ ಸುರಕ್ಷಿತವಲ್ಲ. ಕೆಳಗೆ ಗಡಿಯಾರದ ಪಕ್ಕ ಆಂಟಿವೈರಸ್ ಐಕಾನ್ ಮೇಲೆ ಕೆಂಪು ಇಂಟು ಮಾರ್ಕು. ಅಂದ್ರೆ ತೊಂದರೆ ಎಲ್ಲಿದೆ ಅಂತ ಅದೇ ಹೇಳ್ತಿತ್ತು ಅಲ್ವಾ?

ಆ ಆಂಟಿವೈರಸ್ ಕೊಟ್ಟಿದ್ದು ಅದೇ ಅಂಗಡಿ. ದೀಪಾವಳಿ ಸಮಯದಲ್ಲಿ “ಮೂರು ವರ್ಷದ್ದು ಮೇಡಂ, ನಿಮಗಾಗಿ 1,800ಕ್ಕೆ ಹಾಕಿಕೊಡ್ತೀನಿ” ಅಂದಿದ್ದರು. ಬಿಲ್ ಕೇಳಿದರೆ “ಬಿಲ್ ಬೇಕಂದ್ರೆ ಜಿಎಸ್‌ಟಿ 18 ಪರ್ಸೆಂಟ್ ಎಕ್ಸ್‌ಟ್ರಾ ಆಗುತ್ತೆ, ಸುಮ್ನೆ ಯಾಕೆ?” ಅಂದರು. ಈ ‘ಸುಮ್ನೆ ಯಾಕೆ’ ಅನ್ನೋದನ್ನು ನೆನಪಿಟ್ಟುಕೊಳ್ಳಿ.

ಈ ಸಲ ಸಿಪಿಯು ತಗೊಂಡು ಹೋದೆ. ಅಂಗಡಿಯ ಹುಡುಗ ವೈರ್ ಚುಚ್ಚಿದ, ಆನ್ ಮಾಡಿದ, ಪರದೆ ನೋಡಿದ ಹಾಗೆ ಮಾಡಿದ. “ವೈರಸ್ ಜಾಸ್ತಿ ಆಗಿದೆ ಮೇಡಂ. ಫಾರ್ಮ್ಯಾಟ್ ಮಾಡ್ಬೇಕು.” ಆಂಟಿವೈರಸ್ ಇದೆಯಲ್ಲಪ್ಪ, ವೈರಸ್ ಹೇಗೆ ಬಂತು ಅಂದೆ. “ಅದು ನಿಮಗೆ ಅರ್ಥ ಆಗಲ್ಲ ಬಿಡಿ ಮೇಡಂ.” ಮಾಲೀಕರೂ ಅದೇ ಮಾತು. ಡೆಸ್ಕ್‌ಟಾಪ್ ಮೇಲೆ ಮಗಳ ಸೀಮಂತದ ಫೋಟೋ ಇದೆ, ಮಾವನವರು ಬರೆದಿದ್ದು ಇದೆ, ಏನೂ ಹೋಗಬಾರದು ಅಂತ ಅವರ ಮುಂದೆ ನಿಂತು ಹೇಳಿದೆ. “ಆಯ್ತು ಮೇಡಂ, ಏನೂ ಹೋಗಲ್ಲ.”

ಹೋಯ್ತು. ಡೆಸ್ಕ್‌ಟಾಪ್ ಮೇಲೆ ಇದ್ದದ್ದೆಲ್ಲ ಹೋಯ್ತು. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಇವೆಲ್ಲ ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲೇ ಇರುತ್ತವೆ, ಅವರು ಅಳಿಸಿ ಹಾಕಿದ್ದೂ ಅದನ್ನೇ. ಫೋನ್ ಮಾಡಿದರೆ ಬಂದ ಉತ್ತರ ಕೇಳಿ: “ಬ್ಯಾಕಪ್ ಬೇಕು ಅಂತ ಬಿಲ್‌ನಲ್ಲಿ ಬರೆಸಿಲ್ಲ ಮೇಡಂ.” ಬಿಲ್ಲೇ ಕೊಡದವರು ಬಿಲ್‌ನಲ್ಲಿ ಬರೆಸಿಲ್ಲ ಅಂತಾರೆ! ಇದನ್ನು ಬರೆಯುವಾಗಲೂ ಮೈ ಉರಿಯುತ್ತಿದೆ.

ಡಿ ಡ್ರೈವ್‌ನಲ್ಲಿ ಮಾವನವರ ಹಳೇ ಫೈಲ್‌ಗಳು ಉಳಿದಿದ್ದವು. ಊರ ಕೆರೆ, ಮನೆತನ, ಅಜ್ಜನ ಕಾಲದ ಜಮೀನು, ಎಲ್ಲ ವರ್ಷಗಟ್ಟಲೆ ಕೂತು ನುಡಿ ಅನ್ನೋ ಕನ್ನಡ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ್ದರು. ತೆರೆದರೆ ಇಂಗ್ಲಿಷ್ ಅಕ್ಷರ, ಮಧ್ಯೆ ಚುಕ್ಕಿ, ಕೊಂಡಿ, ಏನೇನೋ ಚಿಹ್ನೆ. ಮಾವ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಅಂಗಡಿಗೆ ಫೋಟೋ ಕಳಿಸಿದೆ. ವಾಟ್ಸಾಪ್‌ನಲ್ಲಿ ಬಂದ ಉತ್ತರ: “ಫೈಲ್ ಕರಪ್ಟ್ ಮೇಡಂ, ವೈರಸ್ ತಿಂದಿದೆ. ಡೇಟಾ ರಿಕವರಿಗೆ 3,000 ಆಗುತ್ತೆ.”

ಅಷ್ಟರಲ್ಲಿ ಅಕ್ಕನ ಮಗ ಮನೆಗೆ ಬಂದ. ಡಿಪ್ಲೊಮಾ ಓದುವ ಹುಡುಗ. ನೋಡಿ ನಕ್ಕ. “ಚಿಕ್ಕಮ್ಮ, ಫೈಲ್‌ಗೆ ಏನೂ ಆಗಿಲ್ಲ. ಫಾರ್ಮ್ಯಾಟ್ ಮಾಡಿದಾಗ ನುಡಿ ಹೋಗಿದೆ ಅಷ್ಟೇ.” ನುಡಿ ಮತ್ತೆ ಹಾಕಿದ, ಫೈಲ್ ತೆರೆದ. ಕೆರೆ ಕೆರೆಯಾಗೇ ಇತ್ತು. ಹಳೇ ನುಡಿ ಫಾಂಟ್‌ಗಳು ಈಗ ಎಲ್ಲ ಕಡೆ ಬಳಸುವ ಯೂನಿಕೋಡ್ ಪದ್ಧತಿಯವಲ್ಲ, ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ಅಕ್ಷರ ಹಾಗೇ ಕಾಣುತ್ತವೆ. ನುಡಿ ಪುಕ್ಕಟೆ ಸಿಗುತ್ತದೆ. ಇದಕ್ಕೆ 3,000! ಶಿವಮೊಗ್ಗದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟವರಿಗೆ ಇದು ಗೊತ್ತಿಲ್ಲ ಅಂದರೆ ನಾನಂತೂ ನಂಬಲ್ಲ. ಜೆರಾಕ್ಸ್ ಅಂಗಡಿಯ ಹುಡುಗರಿಗೂ ಗೊತ್ತಿರುವ ವಿಷಯ.

ಅಕ್ಕನ ಮನೆಯಲ್ಲೂ ಅದೇ ಆಂಟಿವೈರಸ್. ಅದೇ ಅಪ್‌ಡೇಟ್‌ಗೆ ಅವರಿಗೂ ನೆಟ್ ಹೋಗಿತ್ತಂತೆ. ಇವನು ಆಂಟಿವೈರಸ್ ತೆಗೆದು, ಆ ಕಂಪನಿಯದೇ ರಿಮೂವಲ್ ಟೂಲ್ ಓಡಿಸಿ, ರೀಸ್ಟಾರ್ಟ್ ಮಾಡಿ, ಮತ್ತೆ ಹೊಸದಾಗಿ ಹಾಕಿದ್ದಾನೆ. ಮುಗೀತು. ಫಾರ್ಮ್ಯಾಟ್ ಇಲ್ಲ, ಏನಿಲ್ಲ. ಅಂದ್ರೆ ನನ್ನ ಫೋಟೋಗಳು ಸುಮ್ನೆ ಹೋದವು.

2024ರ ಜುಲೈ 19 ನೆನಪಿದೆಯಲ್ಲ? ಕ್ರೌಡ್‌ಸ್ಟ್ರೈಕ್ ಅನ್ನೋ ಸೆಕ್ಯುರಿಟಿ ಸಾಫ್ಟ್‌ವೇರ್ ಕಂಪನಿಯ ಕೆಟ್ಟ ಅಪ್‌ಡೇಟ್‌ನಿಂದ ಪ್ರಪಂಚದಲ್ಲಿ ಸುಮಾರು 85 ಲಕ್ಷ ಕಂಪ್ಯೂಟರ್ ನೀಲಿ ಪರದೆಗೆ ಬಂದು, ಇಲ್ಲಿ ಏರ್‌ಪೋರ್ಟ್‌ನಲ್ಲಿ ಕೈಯಲ್ಲಿ ಬೋರ್ಡಿಂಗ್ ಪಾಸ್ ಬರೆದುಕೊಟ್ಟರಲ್ಲ. ಅದಕ್ಕೂ ಪರಿಹಾರ ಸೇಫ್ ಮೋಡ್‌ಗೆ ಹೋಗಿ ಒಂದು ಫೈಲ್ ಡಿಲೀಟ್ ಮಾಡುವುದಾಗಿತ್ತು. ಅಷ್ಟು ದೊಡ್ಡ ಗಲಾಟೆಗೇ ಫಾರ್ಮ್ಯಾಟ್ ಬೇಕಾಗಿರಲಿಲ್ಲ, ನನ್ನ ಮನೆ ಕಂಪ್ಯೂಟರ್‌ಗೆ ಬೇಕಾಯ್ತಂತೆ.

ಇನ್ನೂ ಇದೆ. ಹುಡುಗ ಆಂಟಿವೈರಸ್‌ನಲ್ಲಿ ಲೈಸೆನ್ಸ್ ಪುಟ ತೆರೆದ. “ಚಿಕ್ಕಮ್ಮ, ಎಷ್ಟು ವರ್ಷದ್ದು ಅಂದಿದ್ರು?” ಮೂರು ಅಂದೆ. ಅಲ್ಲಿ ಅವಧಿ ಒಂದೇ ವರ್ಷ, ಬರುವ ದೀಪಾವಳಿಗೆ ಮುಗಿಯುತ್ತದೆ. ಕೆಳಗೆ ಡಿವೈಸ್ ಮೂರರಲ್ಲಿ ಮೂರೂ ಬಳಕೆಯಲ್ಲಿ. ನಮ್ಮ ಮನೆಯಲ್ಲಿ ಇರೋದು ಒಂದೇ ಕಂಪ್ಯೂಟರ್. ಉಳಿದ ಎರಡು ಯಾರದೋ. ಇಮೇಲ್ ಜಾಗದಲ್ಲಿ ನನ್ನದಲ್ಲ, ಅಂಗಡಿಯದು! ಅಂದ್ರೆ ಮೂರು ಜನರ ಒಂದು ವರ್ಷದ ಪ್ಯಾಕ್ ಒಡೆದು, ನನಗೊಂದು, ಇನ್ಯಾರೋ ಇಬ್ಬರಿಗೊಂದೊಂದು ಹಾಕಿಕೊಟ್ಟಿದ್ದಾರೆ. ಆ ಇಬ್ಬರೂ ಮೂರು ವರ್ಷದ್ದು ಅಂದುಕೊಂಡೇ ದುಡ್ಡು ಕೊಟ್ಟಿರಬೇಕು. ಆ ಪುಟದ ಮುಂದೆ ಕೂತಾಗ ಆದ ನಾಚಿಕೆ ಹೇಳಕ್ಕಾಗಲ್ಲ. ಅಕ್ಕನ ಮಗನ ಎದುರು ಬೇರೆ.

ಸ್ಕ್ರೀನ್‌ಶಾಟ್ ಕಳಿಸಿದೆ. ಉತ್ತರ: “ಮೂರು ಅಂದ್ರೆ ಮೂರು ಯೂಸರ್ ಮೇಡಂ. ವರ್ಷ ಅಂತ ನಾನು ಹೇಳೇ ಇಲ್ಲ.” ನನಗೆ ಯಾಕಪ್ಪ ಮೂರು ಯೂಸರ್, ಇನ್ನಿಬ್ಬರು ಯಾರು ಅಂತ ಕೇಳಿದೆ. ನೀಲಿ ಟಿಕ್. ಉತ್ತರ ಇಲ್ಲ. ಮತ್ತೆ ಕೇಳಿದೆ. “ಎಲ್ಲಾ ಅಂಗಡಿಲೂ ಹೀಗೇ ಮೇಡಂ.”

ನಿಮಗೆ ಹೇಳೋದು ಇಷ್ಟು. ಅಪ್‌ಡೇಟ್ ಆದ ತಕ್ಷಣ ಕೆಟ್ಟರೆ ಮೊದಲು ಅನುಮಾನ ಆ ಅಪ್‌ಡೇಟ್ ಮೇಲೆ ಇರಲಿ. ಆಂಟಿವೈರಸ್ ತೆಗೆದು ನೋಡಿ. ಹೆದರಬೇಡಿ, ಅದನ್ನು ತೆಗೆದರೆ ವಿಂಡೋಸ್ 10, 11ರಲ್ಲಿ ವಿಂಡೋಸ್‌ನದೇ ಆಂಟಿವೈರಸ್ ಡಿಫೆಂಡರ್ ಸಾಮಾನ್ಯವಾಗಿ ತಾನಾಗೇ ಆನ್ ಆಗುತ್ತದೆ. ನಿಜ ಹೇಳಬೇಕಂದ್ರೆ ಈಗ ನಾನು ಅದೊಂದನ್ನೇ ಇಟ್ಟುಕೊಂಡಿದ್ದೇನೆ. ದುಡ್ಡು ಕೊಟ್ಟು ಆಂಟಿವೈರಸ್ ಲೈಸೆನ್ಸ್ ಕೀ ತಗೊಂಡರೆ ಅಂಗಡಿಯಲ್ಲೇ ನಿಂತು ಲೈಸೆನ್ಸ್ ಪುಟ ತೆರೆಸಿ, ಇಮೇಲ್ ನಿಮ್ಮದೇ ಹಾಕಿಸಿ. ಕೀ ಇರುವ ಡಬ್ಬ ಕೇಳಿ, ನನಗೆ ಕೊಡಲೇ ಇಲ್ಲ. ಬಿಲ್ ತಗೊಳ್ಳಿ, ‘ಸುಮ್ನೆ ಯಾಕೆ’ ಅಂದರೂ ತಗೊಳ್ಳಿ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಬಿಲ್ ಇಲ್ಲ, ಯುಪಿಐ ರಸೀದಿ ಮತ್ತು ಅವರದೇ ವಾಟ್ಸಾಪ್ ಮಾತುಗಳಿವೆ, ಅವನ್ನೇ ಹಾಕಿದ್ದೇನೆ. ಈಗ ಮಾಲೀಕರಿಂದಲೇ ಫೋನ್. “ಇಷ್ಟಕ್ಕೆಲ್ಲ ಕಂಪ್ಲೇಂಟ್ ಯಾಕೆ ಮೇಡಂ? 500 ವಾಪಸ್ ಹಾಕ್ತೀನಿ, ತೆಗೆದುಬಿಡಿ.” ಬೇಡ ಅಂದಿದ್ದೇನೆ. ಪೂರ್ತಿ 1,800, ಫಾರ್ಮ್ಯಾಟ್‌ಗೆ ತಗೊಂಡ 600, ಆಮೇಲೆ ಮಾತು.